ಗದ್ಲ ಮಾಡದ ಎಸಿ ಹುಡುಕುತ್ತ

ಬಾದಾಮಿ. ಮೇ ತಿಂಗಳು. ರಾತ್ರಿ ಒಂದೂವರೆ ಗಂಟೆ. ಬಾಡಿಗೆಗೆ ತಂದ ಕ್ಯಾರವಾನ್, ಅಂದರೆ ಮನೆಯ ಹಾಗೆ ಮಲಗಬಹುದಾದ ಗಾಡಿಯ ಒಳಗೆ ನಾವು ಮೂರು ಮಂದಿ ಕಣ್ಣು ಬಿಟ್ಟುಕೊಂಡು ಮಲಗಿದ್ದೆವು. ನಾನು, ನಮ್ಮವರು, ಎಪ್ಪತ್ತೆಂಟು ವರ್ಷದ ಅತ್ತೆ. ನೆತ್ತಿಯ ಮೇಲೆ ಎಸಿ. ಅದು ಹತ್ತು ನಿಮಿಷ ಗುಂಯ್ ಎನ್ನುತ್ತಿತ್ತು, ಆಮೇಲೆ ಠಕ್ ಎಂದು ನಿಲ್ಲುತ್ತಿತ್ತು. ಅಬ್ಬಾ ಅಂತ ಕಣ್ಣು ಮುಚ್ಚಿದರೆ ಐದೇ ನಿಮಿಷ. ಮತ್ತೆ ಧಡ್ ಎಂದು ಇಡೀ ಗಾಡಿ ಒಮ್ಮೆ ನಡುಗಿ ಶುರುವಾಗುತ್ತಿತ್ತು. ಕೊನೆಗೆ ಅತ್ತೆ ಎದ್ದು ಕೂತರು.

"ತಮ್ಮಾ, ಇದು ಗಾಡಿ ಅಲ್ಲೋ, ಹಿಟ್ಟಿನ ಗಿರಣಿ. ನನಗ ಹೊರಗೊಂದು ಹೊರಸು ಹಾಕಿಕೊಡು."

ಆ ಹೊತ್ತಿನಲ್ಲಿ ಹೊರಸು ಎಲ್ಲಿಂದ ತರೋದು? ನಾವು ನಿಲ್ಲಿಸಿದ್ದು ಒಂದು ವಸತಿಗೃಹದ ಅಂಗಳದಲ್ಲಿ. ಅಲ್ಲಿಯ ವಾಚ್‌ಮನ್ ತನ್ನ ಪ್ಲಾಸ್ಟಿಕ್ ಖುರ್ಚಿಯನ್ನೇ ಕೊಟ್ಟ. ಅತ್ತೆ ಬೇವಿನ ಮರದ ಕೆಳಗೆ ಬೆಳಗಿನವರೆಗೂ ಅದರಲ್ಲೇ ಕೂತಿದ್ದರು. ಹೊರಗೇನು ತಂಪಿರಲಿಲ್ಲ. ಬಾದಾಮಿಯ ಕೆಂಪು ಕಲ್ಲಿನ ಗುಡ್ಡ ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿಯೆಲ್ಲ ಉಗುಳುತ್ತಿರುತ್ತದೆ. ಆದರೂ ಅವರಿಗೆ ಆ ಝಳವೇ ವಾಸಿ ಅನ್ನಿಸಿತು. ಸೆಕೆಯಲ್ಲಿ ಹೆಂಗೋ ತೂಕಡಿಸಬಹುದು, ಆ ಸದ್ದಿನಲ್ಲಿ ಆಗುವುದಿಲ್ಲ.

ನಮಗೆ ಕ್ಯಾರವಾನ್ ಹುಚ್ಚು ಹಿಡಿದದ್ದು ಶೋಕಿಗಲ್ಲ. ಅತ್ತೆಗೆ ಮೊಣಕಾಲು ನೋವು, ರಾತ್ರಿ ಮೂರು ಸಲ ಏಳಬೇಕು. ಕೂಡಲಸಂಗಮ, ಬನಶಂಕರಿ, ಸವದತ್ತಿ ಎಲ್ಲಮ್ಮ, ಎಲ್ಲ ಕಡೆ ಹೋಗುವ ಆಸೆ. ಲಾಡ್ಜಿನ ಮೆಟ್ಟಿಲು ಹತ್ತಲಾರರು, ದಾರಿಯಲ್ಲಿ ಸಿಗುವ ಪಾಯಿಖಾನೆಗಳ ಬಗ್ಗೆ ನಾನು ಬರೆಯುವುದೇ ಬೇಡ. ಪಾಯಿಖಾನೆ ಇರುವ ಗಾಡಿ ಬೇಕಿತ್ತು, ಅಷ್ಟೇ. ನಮ್ಮವರು ನಿವೃತ್ತಿ ಹಣದಲ್ಲಿ ಒಂದು ಪಾಲು ತೆಗೆದಿಟ್ಟರು. ಉದ್ದನೆಯ ವ್ಯಾನಿಗೆ ಕ್ಯಾರವಾನ್ ಬಾಡಿ ಕಟ್ಟಿಸುವುದು ಎಂದು ತೀರ್ಮಾನವಾಯಿತು. ಬೆಳಗಾವಿಯ ಉದ್ಯಮಬಾಗದಲ್ಲಿ ಒಬ್ಬ ಮಿಸ್ತ್ರಿಯೂ ಸಿಕ್ಕರು. ಅತ್ತೆ ಹಾಕಿದ್ದು ಒಂದೇ ಷರತ್ತು: "ಎಸಿ ಇರಲಿ, ಗದ್ಲ ಬ್ಯಾಡ."

ನಾನು ವಿಜಯಪುರದಲ್ಲಿ ಮೂವತ್ತೊಂದು ವರ್ಷ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಕಲಿಸಿದವಳು. ಡೆಸಿಬೆಲ್ ಎಂದರೆ ಏನು ಅಂತ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಹಾಗಾಗಿ ಎಸಿ ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಸುಲಭ ಅಂದುಕೊಂಡಿದ್ದೆ. ಹಾಳೆ ನೋಡೋದು, ಯಾವುದರ ಡೆಸಿಬೆಲ್ ಕಡಿಮೆ ಇದೆಯೋ ಅದನ್ನು ತರೋದು.

ಒಂದು ಹಾಳೆಯಲ್ಲಿ 21 ಎಂದಿತ್ತು. ಮತ್ತೊಂದರಲ್ಲಿ 58. ಒಂದು ದಿನ ಇಡೀ ಕೂತು ನೋಡಿದ ಮೇಲೆ ತಿಳಿಯಿತು, ಇವೆರಡೂ ಒಂದೇ ತಕ್ಕಡಿಯಲ್ಲಿ ತೂಗಿದ ಅಂಕಿಗಳೇ ಅಲ್ಲ. 21 ಎಂದವರು ಸ್ಪ್ಲಿಟ್ ಎಸಿಯ ಒಳಗಿನ ಪೆಟ್ಟಿಗೆಯನ್ನು ಮಾತ್ರ, ಅದೂ ಫ್ಯಾನನ್ನು ತೀರ ನಿಧಾನಕ್ಕೆ ಇಟ್ಟು ಅಳೆದಿದ್ದರು. ಹೊರಗಿನ ಪೆಟ್ಟಿಗೆಯ ಸದ್ದು ಅದೇ ಹಾಳೆಯ ತಳದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿತ್ತು. 58 ಎಂದವರು ಹೇಳಿದ್ದು ಗಾಡಿಯ ಮಾಡಿನ ಮೇಲೆ, ಅಂದರೆ ಛಾವಣಿಯ ಮೇಲೆ ಕೂರುವ ಎಸಿಯ ಒಟ್ಟು ಶಬ್ದಶಕ್ತಿ. ಶಬ್ದಶಕ್ತಿ ಬೇರೆ, ಕಿವಿಗೆ ತಲುಪುವ ಶಬ್ದದ ಒತ್ತಡ ಬೇರೆ. ಬಲ್ಬಿನ ವ್ಯಾಟ್‌ಗೂ ಪುಸ್ತಕದ ಮೇಲೆ ಬೀಳುವ ಬೆಳಕಿಗೂ ಇರುವ ವ್ಯತ್ಯಾಸದ ಹಾಗೆ. ಬಯಲಿನಲ್ಲಿ ನೆಲದ ಮೇಲಿಟ್ಟ ಯಂತ್ರದ ಶಬ್ದಶಕ್ತಿ 58 ಇದ್ದರೆ, ಒಂದು ಮೀಟರ್ ದೂರ ನಿಂತವರ ಕಿವಿಗೆ ಅದು ಸುಮಾರು 50. ಎರಡೂ ಡೆಸಿಬೆಲ್‌ನಲ್ಲೇ ಇರುತ್ತವೆ. ಹಾಗಾಗಿ ಕೊಳ್ಳುವವರು ಏಮಾರುವುದು ಇಲ್ಲೇ.

10 ಡೆಸಿಬೆಲ್ ಏರಿದರೆ ನಮ್ಮ ಕಿವಿಗೆ ಸದ್ದು ಹೆಚ್ಚುಕಡಿಮೆ ಎರಡು ಪಟ್ಟು ಅನ್ನಿಸುತ್ತದೆ. ಅದು ಮಕ್ಕಳಿಗೂ ಗೊತ್ತು. ಆದರೆ ಪುಸ್ತಕದಲ್ಲಿ ಇಲ್ಲದ ಇನ್ನೊಂದು ಸಂಗತಿ ಇದೆ. ಈ ಅಂಕಿಗಳನ್ನು ಕೊಡುವಾಗ ಕಿವಿಗೆ ಸರಿಯಾಗಿ ಕೇಳದ ತಗ್ಗಿನ ಸ್ವರಗಳನ್ನು ಬೇಕಂತಲೇ ಕಡಿಮೆ ಲೆಕ್ಕ ಹಿಡಿಯುತ್ತಾರೆ. ಎಸಿಯೊಳಗೆ ಗ್ಯಾಸನ್ನು ಒತ್ತುವ ಕಂಪ್ರೆಸರ್‌ನ ಗುಂಯ್ ಇರುವುದು ಅಲ್ಲೇ. ಕಿವಿ ಅದನ್ನು ಬಿಟ್ಟರೂ ಮಂಚಕ್ಕೆ ತಾಗಿದ ಬೆನ್ನು ಬಿಡುವುದಿಲ್ಲ. ಅತ್ತೆ "ಗಿರಣಿ" ಅಂದದ್ದು ಆ ಬೆನ್ನಿಗೆ ತಟ್ಟುವ ಸದ್ದಿಗೆ. ಯಾವ ಹಾಳೆಯಲ್ಲೂ ಅದಕ್ಕೊಂದು ಅಂಕಿ ಸಿಗಲಿಲ್ಲ.

ಮತ್ತೆ ಗೋಳಗುಮ್ಮಟ ನೆನಪಾಯಿತು. ಪ್ರತಿ ವರ್ಷ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದೆ. ಬೆಳಿಗ್ಗೆ ಬೇಗ, ಪ್ರವಾಸದ ಬಸ್ಸುಗಳು ಬರುವ ಮುಂಚೆ ಹೋಗಬೇಕು. ಆಮೇಲೆ ಹೋದರೆ ಬರೀ ಕೂಗಾಟ. ಮೇಲಿನ ಗ್ಯಾಲರಿಯಲ್ಲಿ ಒಬ್ಬ ಹುಡುಗ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ, ಸುಮಾರು 38 ಮೀಟರ್ ಆಚೆ, ಎದುರಿನ ಗೋಡೆಗೆ ಕಿವಿ ಕೊಟ್ಟವನಿಗೆ ಅದು ಕೇಳುತ್ತದೆ. ಒಂದು ಚಪ್ಪಾಳೆ ಏಳೆಂಟು ಸಲ ತಿರುಗಿ ಬರುತ್ತದೆ. ಮಹಮ್ಮದ್ ಆದಿಲ್ ಶಾ ತನ್ನ ಗೋರಿಗೆ ಕಟ್ಟಿಸಿದ ಈ ಗುಮ್ಮಟ ಮುಗಿದದ್ದು 1656ರ ಸುಮಾರಿಗೆ. ಆಗ ಯಾರ ತಲೆಯಲ್ಲೂ ಎಸಿ ಇರಲಿಲ್ಲ ಬಿಡಿ. ಆದರೆ ಪಿಸುಮಾತು ಎಷ್ಟು ದೊಡ್ಡದು ಅನ್ನುವುದನ್ನು ಬಾಯಿ ಒಂದೇ ತೀರ್ಮಾನಿಸುವುದಿಲ್ಲ, ಗೋಡೆಯೂ ತೀರ್ಮಾನಿಸುತ್ತದೆ. ಮಕ್ಕಳಿಗೆ ನಾನೇ ಹೇಳಿಕೊಟ್ಟ ಪಾಠ. ಎಸಿ ಕೊಳ್ಳುವಾಗ ಮರೆತಿದ್ದೆ.

ಅದನ್ನು ನೆನಪಿಸಿದವರು ಉದ್ಯಮಬಾಗದ ಮಿಸ್ತ್ರಿ. ನಾನು ಹಾಳೆಗಳ ಕಟ್ಟು ಹಿಡಿದು ಹೋದರೆ ಅವರು ಅದನ್ನು ಕಣ್ಣೆತ್ತಿ ನೋಡಲಿಲ್ಲ. ಬರಿದಾದ ಗಾಡಿಯ ಪಕ್ಕಕ್ಕೆ ಹೋಗಿ ಬೆರಳು ಮಡಚಿ ತಟ್ಟಿದರು. ಟಣ್ ಎಂದಿತು.

"ಎಸಿ ಗದ್ಲ ಮಾಡಂಗಿಲ್ರೀ ಅಕ್ಕಾರ. ಪತ್ರಾ ಗದ್ಲ ಮಾಡತೈತಿ."

ಪತ್ರಾ ಅಂದರೆ ತಗಡು. ಮಾಡಿನ ತಗಡಿಗೆ ಕಂಪ್ರೆಸರ್ ಬಿಗಿದರೆ ಇಡೀ ಮಾಡು ಹಲಗೆ ವಾದ್ಯದ ಹಾಗೆ ಬಾರಿಸಿಕೊಳ್ಳುತ್ತದೆ. ನಾವು ಅದರೊಳಗೆ ಮಲಗಿರುತ್ತೇವೆ. ಅವರು ಅಂಟಿನ ಬೆನ್ನಿದ್ದ ಕಪ್ಪು ಬ್ಯೂಟೈಲ್ ರಬ್ಬರ್ ಹಾಳೆಯ ಒಂದು ತುಂಡನ್ನು ತಗಡಿನ ನಡುವೆ ಒತ್ತಿ ಮತ್ತೆ ತಟ್ಟಿದರು. ಈ ಸಲ ದಬ್ ಎಂದಿತು. ಗುಡಿಯ ಗಂಟೆ ಹೊಡೆದು ಅಂಗೈ ಇಟ್ಟರೆ ಸುಮ್ಮನಾಗುತ್ತದಲ್ಲ, ಹಾಗೆ. ಇಡೀ ತಗಡು ಮುಚ್ಚಬೇಕಾಗಿಲ್ಲ, ಕಾಲು ಭಾಗ ಮುಚ್ಚಿದರೂ ದನಿ ಸಾಯುತ್ತದೆ ಎಂದರು. ಆ ಹೊತ್ತಿಗೆ ನನ್ನ ಪ್ರಶ್ನೆ ಬದಲಾಗಿ ಹೋಯಿತು. ಯಾವ ಎಸಿ ಕಡಿಮೆ ಸದ್ದು ಮಾಡುತ್ತದೆ ಅನ್ನುವುದಕ್ಕಿಂತ, ಎಸಿಗೆ ನಾವು ಎಷ್ಟು ಕೆಲಸ ಹೇರುತ್ತಿದ್ದೇವೆ, ಅದನ್ನು ಎಲ್ಲಿ ಕೂರಿಸುತ್ತಿದ್ದೇವೆ ಅನ್ನುವುದನ್ನು ಮೊದಲು ನೋಡಬೇಕಿತ್ತು.

ಕೆಲಸದ ಮಾತು ಮೊದಲು. ಹುನಗುಂದ ಸೀಮೆಯ ಹಳ್ಳಿಯಲ್ಲಿ ನಮ್ಮವರ ಕಾಕಾ ಅವರದ್ದು ಮಾಳಿಗೆ ಮನೆ. ಮೊಳದಷ್ಟು ದಪ್ಪದ ಗೋಡೆ, ತೊಲೆಯ ಮೇಲೆ ಕಟ್ಟಿಗೆ, ಅದರ ಮೇಲೆ ದಪ್ಪಗೆ ಮಣ್ಣು, ನಡುವೆ ಒಂದು ಬೆಳಕಿಂಡಿ. ಹೊರಗೆ 41 ಡಿಗ್ರಿ ಇದ್ದಾಗ ಒಳಗೆ ಹೋದರೆ ಯಾರೋ ಒದ್ದೆ ಬಟ್ಟೆ ಹೊದಿಸಿದ ಹಾಗಿರುತ್ತದೆ. ಮಣ್ಣು ಬಿಸಿಲನ್ನು ನಿಧಾನಕ್ಕೆ ಕುಡಿಯುತ್ತದೆ. ಅದು ಒಳಗೆ ಇಳಿಯುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ, ಆಗ ಎಲ್ಲರೂ ಮಾಳಿಗೆ ಹತ್ತಿ ಮಲಗುತ್ತಾರೆ. ಗಾಡಿಯ ತಗಡಿಗೆ ಆ ತಾಳ್ಮೆ ಎಲ್ಲಿದೆ? ನಮ್ಮ ಗಾಡಿಯ ಮಾಡು ಸುಮಾರು ಏಳು ಚದರ ಮೀಟರ್. ನೆತ್ತಿಯ ಬಿಸಿಲಿನಲ್ಲಿ ಚದರ ಮೀಟರಿಗೆ ಸಾವಿರ ವ್ಯಾಟ್ ಬೀಳುತ್ತದೆ. ಅಂದರೆ ಏಳು ಕಿಲೋವ್ಯಾಟ್. ಒಂದು ಟನ್ ಎಸಿ ಹೊರಗೆ ಸಾಗಿಸುವ ಶಾಖ ಮೂರೂವರೆ ಕಿಲೋವ್ಯಾಟ್. ಲೆಕ್ಕ ಹಾಕಿ, ಬರೀ ಮಾಡಿನ ಮೇಲೆ ಎರಡು ಟನ್ ಎಸಿಯ ಕೆಲಸ ಬಿದ್ದಿದೆ. ಎಲ್ಲವೂ ಒಳಗೆ ಬರುವುದಿಲ್ಲ ನಿಜ. ಆದರೆ ಬಂದಷ್ಟನ್ನೂ ಎಸಿಯೇ ಹೊರಹಾಕಬೇಕು, ಸದ್ದು ಮಾಡಿಕೊಂಡು. ನಾವು ಮೂರು ಜನ ಮಲಗಿ ಬಿಡುವ ಮೈಶಾಖ ಇದರ ಮುಂದೆ ಏನೂ ಅಲ್ಲ, ಇನ್ನೂರು ಚಿಲ್ಲರೆ ವ್ಯಾಟ್.

ಅಂದ ಹಾಗೆ, ಈ ಟನ್ ಅಂದರೆ ಎಸಿಯ ತೂಕ ಅಲ್ಲ. ಒಂದು ಟನ್ ಮಂಜುಗಡ್ಡೆಯನ್ನು 24 ಗಂಟೆಯಲ್ಲಿ ಕರಗಿಸುವಷ್ಟು ಶಾಖ. ಐಸ್ ಮಾರಿ ಮನೆ ತಣಿಸುತ್ತಿದ್ದ ಕಾಲದ ಅಳತೆ. ಎಸಿ ಅಂಗಡಿಯಲ್ಲಿ ಇದನ್ನು ಹೇಳಿ ನಾನು ಒಬ್ಬ ಸೇಲ್ಸ್ ಹುಡುಗನ ತಲೆ ತಿಂದೆ. ಪಾಪ, ಹಿಂದೊಮ್ಮೆ ನನ್ನದೇ ವಿದ್ಯಾರ್ಥಿ.

ಹಾಗಾಗಿ ಎಸಿಗೆ ದುಡ್ಡು ಕೊಡುವ ಮುಂಚೆ ಗಾಡಿಗೆ ಕೊಟ್ಟೆವು. ಮಾಡಿಗೆ ಬಿಳಿ ಬಣ್ಣ. ತಗಡಿಗೆ ಬ್ಯೂಟೈಲ್ ತುಂಡುಗಳು, ಅದರ ಮೇಲೆ ಒಂದಿಂಚು ದಪ್ಪದ ಕರಿ ರಬ್ಬರ್ ಫೋಮ್, ಅದರ ಮೇಲೆ ಪ್ಲೈವುಡ್. ಕಿಟಕಿ ಸಣ್ಣದು, ಎರಡು ಪದರ. ಮಾಡಿನ ಮೇಲೆ ಸೋಲಾರ್ ಹಲಗೆಗಳನ್ನು ನಾಲ್ಕು ಬೆರಳು ಎತ್ತರಿಸಿ ಕೂರಿಸಿದರು. ಕರೆಂಟ್ ಅಷ್ಟೇ ಅಲ್ಲ, ನೆರಳೂ ಸಿಕ್ಕಿತು. ಒಂದೂವರೆ ಟನ್ ಬೇಕೇ ಬೇಕು ಅನ್ನುತ್ತಿದ್ದವರು ಒಂದು ಟನ್ ಸಾಕು ಎಂದರು. ಅಂದರೆ ಸಣ್ಣ ಕಂಪ್ರೆಸರ್.

ಜನ ಸಾಮಾನ್ಯವಾಗಿ ಇದಕ್ಕೆ ತಿರುಗಾಮುರುಗಾ ಮಾಡುತ್ತಾರೆ. ಸೆಕೆ ಜಾಸ್ತಿ ಇದೆ, ದೊಡ್ಡ ಎಸಿ ಇರಲಿ ಅಂತ. ಪುಟ್ಟ ಗಾಡಿಗೆ ದೊಡ್ಡ ಎಸಿ ಹಾಕಿದರೆ ಎಂಟು ಹತ್ತು ನಿಮಿಷಕ್ಕೆ ತಣ್ಣಗಾಗಿ ಕಂಪ್ರೆಸರ್ ನಿಲ್ಲುತ್ತದೆ. ತಗಡು ಬೇಗ ಬಿಸಿಯಾಗುತ್ತದೆ, ಮತ್ತೆ ಶುರು. ಬಾದಾಮಿಯಲ್ಲಿ ನಮ್ಮ ನಿದ್ದೆ ಕೆಡಿಸಿದ್ದು ಗುಂಯ್ ಅನ್ನುವ ಸದ್ದಿಗಿಂತ ಆ ಠಕ್ ಮತ್ತು ಧಡ್. ನಮ್ಮ ಕಡೆ ಯಾರು ಫ್ಯಾನಿಲ್ಲದೆ ಮಲಗುತ್ತಾರೆ ಹೇಳಿ? ಕಿರ್ ಕಿರ್ ಫ್ಯಾನ್ ಕೆಳಗೆ ಬೆಳಗಿನ ತನಕ ಗೊರಕೆ ಹೊಡೆಯುವವರೇ ಎಲ್ಲ. ಕರೆಂಟ್ ಹೋಗಿ ಫ್ಯಾನ್ ನಿಂತರೆ ಆಗ ಎಚ್ಚರ. ಒಂದೇ ಸಮನೆ ಇರುವ ಸದ್ದಿಗೆ ಮನುಷ್ಯ ಹೊಂದಿಕೊಳ್ಳುತ್ತಾನೆ, ಬದಲಾಗುವ ಸದ್ದಿಗೆ ಬೆಚ್ಚಿ ಬೀಳುತ್ತಾನೆ.

ಅದಕ್ಕೇ ಇನ್ವರ್ಟರ್ ಎಸಿಯೇ ಬೇಕು ಅಂದೆ. ನಮ್ಮವರು ಖುಷಿಯಾದರು.

"ಹಂಗಾರ ಕರೆಂಟ್ ಹೋದ್ರೂ ನಡೀತದಲ್ಲ!"

ಅಲ್ರೀ, ಅದು ಮನೆಯ ಬ್ಯಾಟರಿ ಇನ್ವರ್ಟರ್. ಎಸಿಯ ಇನ್ವರ್ಟರ್ ಬೇರೆ. ಕಂಪ್ರೆಸರ್‌ನ ವೇಗವನ್ನು ಬೇಕಾದಷ್ಟು ಇಳಿಸಿ ಏರಿಸುವ ಸರ್ಕ್ಯೂಟ್ ಅದು. ಹಳೆಯ ಎಸಿ ಅಂದರೆ ಪೂರ್ತಿ ಓಡು ಇಲ್ಲ ಪೂರ್ತಿ ನಿಲ್ಲು. ಇನ್ವರ್ಟರ್ ಎಸಿ ಮೊದಲು ಜೋರಾಗಿ ಓಡಿ, ತಣ್ಣಗಾದ ಮೇಲೆ ನಿಲ್ಲದೆ ಮೆತ್ತಗೆ ನಡೆಯುತ್ತದೆ. ಶುರುವಾಗುವಾಗ ಒಮ್ಮೆಲೇ ಕರೆಂಟ್ ಎಳೆಯುವುದಿಲ್ಲ, ಆ ಧಡ್ ಇಲ್ಲ. ಫ್ಯಾನಿಗೂ ಇದೇ ನ್ಯಾಯ. ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಗಾಳಿ ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಬೀಳುತ್ತದೆ. ಲಾಭದ ವ್ಯಾಪಾರ ಇದು. ಅಂಗಡಿಯವರು ತೋರಿಸುವ ಸ್ಟಾರ್‌ಗಳಿಗೂ ಸದ್ದಿಗೂ ನೇರ ಸಂಬಂಧ ಇಲ್ಲ, ಅದು ಕರೆಂಟಿನ ಲೆಕ್ಕ.

ಇನ್ನು ಎಲ್ಲಿ ಕೂರಿಸುವುದು. ಕ್ಯಾರವಾನ್‌ಗೆಂದೇ ಮಾಡಿದ ಎಸಿಗಳಲ್ಲಿ ಹೆಚ್ಚಿನವು ಮಾಡಿನ ಮೇಲೆ ಕೂರುವಂಥವು. ಡೊಮೆಟಿಕ್, ಟ್ರೂಮಾ ಹೀಗೆ ಹೊರದೇಶದ ಹೆಸರುಗಳು. ಯುರೋಪಿನ ಗಾಡಿಗಳಲ್ಲಿ ಮಾಡಿನ ಕಿಂಡಿ 400 ಮಿಲಿಮೀಟರ್ ಚೌಕ, ಅಮೆರಿಕದಲ್ಲಿ 14 ಇಂಚು ಚೌಕ. ಆ ಕಿಂಡಿಯಲ್ಲಿ ಕೂರುವ ಹಾಗೆ ಇಡೀ ಯಂತ್ರ ಒಂದೇ ಪೆಟ್ಟಿಗೆಯಲ್ಲಿರುತ್ತದೆ. ಕೂರಿಸುವುದು ಸುಲಭ, ಒಳಗೆ ಜಾಗ ಉಳಿಯುತ್ತದೆ. ಆದರೆ ಕಂಪ್ರೆಸರ್ ನೆತ್ತಿಯ ಮೇಲೆ. ಈಗಿನವುಗಳಲ್ಲಿ ಇನ್ವರ್ಟರ್ ಇರುವವೂ ಬಂದಿವೆ, ಅವು ಎಷ್ಟೋ ಮೆತ್ತಗೆ. ನನ್ನ ತಕರಾರು ಬೇರೆ ಇತ್ತು. ನಮ್ಮ ಹಳ್ಳಿ ದಾರಿಗಳಲ್ಲಿ ಹುಣಸೆ ಕೊಂಬೆ, ಜಾತ್ರೆಯ ಕಮಾನು, ತಗ್ಗಿದ ವೈರು ಎಲ್ಲ ಇರುತ್ತವೆ. ಮಾಡಿನ ಮೇಲೆ ಇನ್ನೂ ಒಂದಡಿ ಏರಿಸಲು ಮನಸ್ಸು ಬರಲಿಲ್ಲ. ಮತ್ತೆ ಅದು ಕೆಟ್ಟರೆ ವಿಜಯಪುರದಲ್ಲಿ ಯಾರ ಹತ್ತಿರ ಹೋಗೋದು?

ಎರಡನೆಯದು ಮಂಚದ ಕೆಳಗೆ, ಪೆಟ್ಟಿಗೆಯಲ್ಲಿ ಕೂರುವಂಥದ್ದು. ತೂಕ ಕೆಳಗಿರುತ್ತದೆ, ಗಾಡಿ ಓಲಾಡುವುದಿಲ್ಲ, ಪೈಪಿನಲ್ಲಿ ತಣ್ಣನೆ ಗಾಳಿಯನ್ನು ಮೇಲಕ್ಕೆ ಒಯ್ಯಬಹುದು. ಸದ್ದೂ ಕಡಿಮೆ ಅನ್ನುತ್ತಾರೆ. ಆದರೆ ಹೊರಗಾಳಿಗೆ ನೆಲದಲ್ಲಿ ತೂತು ಬೇಕು. ನಮ್ಮ ಎರೆಮಣ್ಣಿನ ದಾರಿಯಲ್ಲಿ ಮಳೆಗಾಲಕ್ಕೆ ಒಂದು ಸಲ ಹೋಗಿ ಬನ್ನಿ, ಆ ತೂತಿನ ಗತಿ ಗೊತ್ತಾಗುತ್ತದೆ. ಚಕ್ರವನ್ನೇ ಬಿಡದ ಮಣ್ಣು ಅದು.

ಕಿಟಕಿಯಿಂದ ಸೊಂಡಿಲು ಹೊರಗೆ ಹಾಕುವ ಉರುಳು ಎಸಿಯನ್ನು ಒಬ್ಬರು ಹೇಳಿದರು. ಬೇಡ. ಕಂಪ್ರೆಸರ್ ಕಾಲಬುಡದಲ್ಲೇ ಇರುತ್ತದೆ. ಮತ್ತೆ ಒಂದೇ ಸೊಂಡಿಲಿನದು ಒಳಗಿನ ಗಾಳಿಯನ್ನೇ ಹೊರಗೆ ಊದುತ್ತದೆ, ಅಷ್ಟೇ ಬಿಸಿಗಾಳಿ ಸಂದಿಗೊಂದಿಯಿಂದ ಒಳಗೆ ನುಗ್ಗುತ್ತದೆ.

ಕೂಲರ್ ಬಗ್ಗೆ ಮಾತ್ರ ತುಂಬಾ ಯೋಚಿಸಿದೆ. ಬೇಸಿಗೆಯಲ್ಲಿ ನಮ್ಮ ಗಾಳಿ ಒಣಗಿ ಗರಿಗರಿ ಇರುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಮುಕ್ಕಾಲು ಯೂನಿಟ್ ಕರೆಂಟಿಗಿಂತ ಸ್ವಲ್ಪ ಕಡಿಮೆಯಷ್ಟು ಶಾಖ ಎಳೆದುಕೊಳ್ಳುತ್ತದೆ, ಪುಕ್ಕಟೆ. ವಿಜಯಪುರದ ಮನೆಯಲ್ಲಿ ಈಗಲೂ ನಮ್ಮದು ಕೂಲರ್ರೇ. ಆದರೆ ಗಾಡಿಯಲ್ಲಿ ನೀರು ಎಲ್ಲಿಂದ ತರೋದು? ಕಿಟಕಿ ತೆರೆದಿಡಬೇಕು, ಧೂಳು, ಸೊಳ್ಳೆ. ಬೆಳಗಾವಿ ಕಡೆ ಮಳೆ ಹಿಡಿದಾಗ ಅದು ಬರೀ ಒದ್ದೆ ಫ್ಯಾನ್. ಮತ್ತೆ ಕೂಲರ್ ಸದ್ದು ಯಾರಿಗೆ ಗೊತ್ತಿಲ್ಲ!

ಲಾರಿಗಳಲ್ಲಿ ಹಾಕುವ 24 ವೋಲ್ಟಿನ ಎಸಿಗಳೂ ಈಗ ಸಿಗುತ್ತವೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯವಾಗಿದೆ, ಒಳ್ಳೆಯ ಕೆಲಸ. ನಿಂತ ಗಾಡಿಯಲ್ಲಿ ಬ್ಯಾಟರಿಯಿಂದಲೇ ಓಡುವ ಎಸಿಗಳು ಚಾಲಕರ ಕ್ಯಾಬಿನ್‌ಗೆ ಸಾಕು. ನಮ್ಮ ಮೂರು ಮಂದಿಯ ಉದ್ದನೆ ಗಾಡಿಗೆ ಸಾಲವು ಅನ್ನಿಸಿತು.

ಕಡೆಗೆ ಆರಿಸಿದ್ದು ಒಂದು ಟನ್ನಿನ ಇನ್ವರ್ಟರ್ ಸ್ಪ್ಲಿಟ್. ಮನೆಗೆ ಹಾಕುವಂಥದ್ದೇ. ಒಳಗಿನ ಪೆಟ್ಟಿಗೆ ಚಾಲಕನ ಹಿಂದಿನ ಗೋಡೆಗೆ, ಹೊರಗಿನದು ಗಾಡಿಯ ಹಿಂಬದಿಗೆ. ಕಂಪ್ರೆಸರ್‌ಗೂ ಅತ್ತೆಯ ದಿಂಬಿಗೂ ನಡುವೆ ಆದಷ್ಟು ದೂರ. ಕೆಟ್ಟರೆ ಯಾವ ಊರಿನಲ್ಲಾದರೂ ಸ್ಪ್ಲಿಟ್ ರಿಪೇರಿ ಮಾಡುವ ಹುಡುಗ ಸಿಗುತ್ತಾನೆ. ನನ್ನ ಮಟ್ಟಿಗೆ ಇದೇ ದೊಡ್ಡ ಕಾರಣ. ಇನ್ನೊಬ್ಬರಿಗೆ ಮಾಡಿನ ಎಸಿಯೇ ಸರಿ ಇರಬಹುದು, ಪುಣೆ ಬೆಂಗಳೂರಿನಲ್ಲಿ ಇರುವವರಿಗೆ ವಿಶೇಷವಾಗಿ. ಒಂದು ಮಾತು. ಎಲ್ಲಿ ಏನು ಕೂರಿಸುತ್ತೀರಿ ಅನ್ನುವುದನ್ನು ಬಾಡಿ ಕಟ್ಟುವ ಮುಂಚೆಯೇ ಆರ್‌ಟಿಒ ಕಾಗದಗಳ ಜೊತೆ ತಾಳೆ ನೋಡಿಕೊಳ್ಳಿ. ಕ್ಯಾರವಾನ್‌ಗೆ ಎಐಎಸ್ 124 ಅಂತ ಬೇರೆಯೇ ನಿಯಮ ಇದೆ. ಒಪ್ಪಿಗೆ ಇಲ್ಲದೆ ಗಾಡಿ ಬದಲಾಯಿಸುವಂತಿಲ್ಲ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಕಾಗದಗಳ ಕಥೆ ಇನ್ನೊಂದು ದಿನ ಬರೆಯುತ್ತೇನೆ, ತಲೆನೋವು ಇಳಿದ ಮೇಲೆ.

ಬ್ಯಾಟರಿ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 24 ವೋಲ್ಟ್, 200 ಆಂಪಿಯರ್ ಅವರ್‌ನ ಲಿಥಿಯಂ ಬ್ಯಾಟರಿ. ಸುಮಾರು ಐದು ಯೂನಿಟ್ ಹಿಡಿಯುತ್ತದೆ. 26 ಡಿಗ್ರಿಗೆ ಇಟ್ಟರೆ ನಮ್ಮ ಎಸಿ ರಾತ್ರಿಗೆ ಎರಡೂವರೆಯಿಂದ ಮೂರು ಯೂನಿಟ್ ತಿನ್ನುತ್ತದೆ. ಜನರೇಟರ್ ಬೇಡವೇ ಬೇಡ. ಎಸಿ ಎಷ್ಟು ಮೆತ್ತಗಿದ್ದರೇನು, ಪಕ್ಕದಲ್ಲಿ ಜನರೇಟರ್ ಹಚ್ಚಿದರೆ ಮುಗೀತಲ್ಲ.

ಮೊದಲ ಪ್ರವಾಸದಲ್ಲೇ ಎಡವಟ್ಟಾಯಿತು. ಆಲಮಟ್ಟಿ ಮುಟ್ಟುವ ಹೊತ್ತಿಗೆ ಒಳಗೆ ಬರೀ ಬಿಸಿಗಾಳಿ. ತಾಮ್ರದ ಪೈಪಿನ ಜೋಡಣೆಯ ಹತ್ತಿರ ಎಣ್ಣೆ ಜಿನುಗಿತ್ತು, ಗ್ಯಾಸ್ ಪೂರ್ತಿ ಹೋಗಿತ್ತು. ಮನೆಯ ಎಸಿ ಗೋಡೆಗೆ ಅಂಟಿಕೊಂಡು ಸುಮ್ಮನೆ ಇರುತ್ತದೆ. ಗಾಡಿಯದು ರಸ್ತೆಯ ಪ್ರತಿ ಉಬ್ಬಿಗೂ ಕುಲುಕುತ್ತದೆ. ನೇರವಾಗಿ ಬಿಗಿದ ಪೈಪು ಆ ಕುಲುಕಾಟವನ್ನೆಲ್ಲ ನಟ್ಟಿನ ಮೇಲೆ ಹಾಕಿತ್ತು. ಆಮೇಲೆ ಪೈಪನ್ನು ಎರಡು ಸುತ್ತು ಬಳೆಯ ಹಾಗೆ ಸುತ್ತಿ ಜೋಡಿಸಿದರು, ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೇನೋ ನೋಡಿದರು. ಹೊರಗಿನ ಪೆಟ್ಟಿಗೆಯ ಕಾಲಿಗೆ ಮೆತ್ತನೆಯ ರಬ್ಬರ್ ಬುಡ ಕೊಟ್ಟರು. ಈಗಿನ ಎಸಿಗಳಲ್ಲಿ ಸಾಮಾನ್ಯವಾಗಿ ಬಳಸುವ ಆರ್32 ಗ್ಯಾಸಿಗೆ ಸ್ವಲ್ಪ ಮಟ್ಟಿಗೆ ಬೆಂಕಿ ಹತ್ತುವ ಗುಣ ಇದೆ. ಅಡುಗೆ ಒಲೆಯೂ ಇರುವ ಗಾಡಿಯಲ್ಲಿ ಈ ಜೋಡಣೆಗಳೆಲ್ಲ ಹೊರಗೇ ಇರಲಿ.

ರಬ್ಬರ್ ಹಾಕಿದ ಮೇಲೆ ಗುಂಯ್ ಹೋಯಿತು. ಆದರೆ ಒಂದು ಸಣ್ಣ ಟಿರ್ರ್ ಉಳಿಯಿತು. ಎರಡು ರಾತ್ರಿ ಟಾರ್ಚ್ ಹಿಡಿದು ಹುಡುಕಿದೆವು. ನಮ್ಮವರು ಎಲ್ಲ ಸ್ಕ್ರೂ ಬಿಗಿದರು. ನಾನು ಫೋನಿನ ಸದ್ದಳೆಯುವ ಆ್ಯಪ್ ಹಿಡಿದು ಮೂಲೆಮೂಲೆ ತಿರುಗಿದೆ. ಆ ಆ್ಯಪ್ ಹೇಳುವ ಅಂಕಿ ನಂಬುವಂಥದ್ದಲ್ಲ, ಆದರೆ ಇಲ್ಲಿ ಜಾಸ್ತಿ ಅಲ್ಲಿ ಕಡಿಮೆ ಅಂತ ಹೋಲಿಸಿ ನೋಡಲು ಸಾಕು. ಕೊನೆಗೆ ಕಂಡುಹಿಡಿದವರು ಅತ್ತೆ. ಅಡುಗೆ ಕಟ್ಟೆಯ ಮೇಲೆ ಕೈ ಚಾಚಿ ಶೇಂಗಾ ಚಟ್ನಿಯ ಸ್ಟೀಲ್ ಡಬ್ಬಿಯ ಮುಚ್ಚಳ ಒತ್ತಿದರು. ಟಿರ್ರ್ ನಿಂತಿತು. ಈಗ ಡಬ್ಬಿಗಳ ನಡುವೆ ಹಳೆಯ ಬನಿಯನ್ ತುಂಡುಗಳು ಕೂತಿವೆ.

ಮತ್ತೆ ಕೌದಿ. ಅದು ನನ್ನ ಲೆಕ್ಕದಲ್ಲೇ ಇರಲಿಲ್ಲ. ಅತ್ತೆ ತಮ್ಮ ಹಳೆಯ ಇಳಕಲ್ ಸೀರೆಗಳನ್ನು ಒಂದರ ಮೇಲೊಂದು ಹಾಕಿ ಹೊಲಿದ ಎರಡು ಕೌದಿ ತಂದಿದ್ದರು, ಬಾಗಿಲಿಗೂ ಹಿಂಬದಿಯ ಗೋಡೆಗೂ ಇಳಿಬಿಟ್ಟರು. ಪ್ಲೈವುಡ್ ಗೋಡೆಯಿಂದ ಗೋಡೆಗೆ ಬಡಿದಾಡುತ್ತಿದ್ದ ಫ್ಯಾನಿನ ಸದ್ದು ಬಟ್ಟೆಯೊಳಗೆ ಹೂತುಹೋಯಿತು. ನಾವು ಮಾತಾಡುವ ದನಿಯೇ ಬೇರೆ ಆಯಿತು, ಧಾನ್ಯ ತುಂಬಿದ ಕೋಣೆಯಲ್ಲಿ ಮಾತಾಡಿದ ಹಾಗೆ. ಗೋಳಗುಮ್ಮಟಕ್ಕೆ ಪೂರಾ ವಿರುದ್ಧ.

ಇನ್ನೊಂದು ಅಭ್ಯಾಸ ಮಾಡಿಕೊಂಡೆವು. ಹೊತ್ತು ಮುಳುಗಿದ ಮೇಲೆ ಎರಡು ಗಂಟೆ ಬಾಗಿಲು, ಮಾಡಿನ ಕಿಂಡಿ ಎಲ್ಲ ತೆರೆದಿಟ್ಟು ಒಳಗಿನ ಬಿಸಿಯನ್ನು ಹಾಗೇ ಹೋಗಲು ಬಿಡೋದು. ಒಂಬತ್ತಕ್ಕೆ ಮುಚ್ಚಿ ಎಸಿ ಹಚ್ಚೋದು. ಫೋಮ್ ಹಾಕಿದ ಗಾಡಿ ಬಿಸಿಯನ್ನು ಹೊರಗೆ ತಡೆದ ಹಾಗೆ ಒಳಗೂ ಹಿಡಿದಿಡುತ್ತದೆ, ಅದು ನೆನಪಿರಲಿ. ಹೀಗೆ ಮಾಡಿದರೆ ಎಸಿ ಹತ್ತರ ಹೊತ್ತಿಗೆ ಮೆತ್ತಗಾಗಿಬಿಡುತ್ತದೆ. ಎಷ್ಟು ಮೆತ್ತಗೆ ಅಂದರೆ, ಕೂಡಲಸಂಗಮದಲ್ಲಿ ಅತ್ತೆ ಮೂರು ಸಲ ನಮ್ಮವರನ್ನು ಎಬ್ಬಿಸಿದರು. "ತಮ್ಮಾ, ಬಂದ್ ಆಗೇತೇನೋ ನೋಡು."

ಇಷ್ಟಾದ ಮೇಲೆ ನಾನು ಬೀಗುತ್ತಿದ್ದೆ. ಒಳಗೆ ಮಲಗಿದರೆ ನಮ್ಮ ಉಸಿರು ನಮಗೆ ಕೇಳುತ್ತಿತ್ತು. ಆ ಬೀಗು ಇಳಿದದ್ದು ಕಾಕಾ ಅವರ ಊರಿನಲ್ಲಿ.

ಏಪ್ರಿಲ್‌ನಲ್ಲಿ ಹೋದಾಗ ಗಾಡಿಯನ್ನು ಹಿಂದಕ್ಕೆ ತಂದು ಅವರ ಮನೆಯ ಪಕ್ಕದ ದನದ ಕೊಟ್ಟಿಗೆಗೆ ಹಿಂಬದಿ ಮಾಡಿ ನಿಲ್ಲಿಸಿದ್ದೆವು. ಅಲ್ಲೇ ಪ್ಲಗ್ ಇತ್ತು. ಕಾಕಾ ಅಂಗಳದಲ್ಲಿ ಹೊರಸಿನ ಮೇಲೆ ಮಲಗಿದ್ದರು. ನಾವು ಒಳಗೆ ಚೆನ್ನಾಗಿ ನಿದ್ದೆ ಮಾಡಿದೆವು. ಬೆಳಿಗ್ಗೆ ಚಹಾ ಕುಡಿಯುವಾಗ ಕಾಕಾ ಸುಮ್ಮನೆ ಹೇಳಿದರು, ದೂರಿನ ದನಿಯೂ ಇರಲಿಲ್ಲ.

"ನೋಡವಾ, ಎತ್ತು ರಾತ್ರಿಯಿಡೀ ನಿಂತಾವ. ಒಂದೂ ಮಲಗಿಲ್ಲ."

ಹೋಗಿ ನಿಂತು ನೋಡಿದೆ. ಎಸಿಯ ಹೊರಪೆಟ್ಟಿಗೆ ನೇರ ಗ್ವಾದಲಿಯ ಕಡೆಗೆ ಮುಖ ಮಾಡಿತ್ತು. ನಮ್ಮ ಮೂವರ ಸೆಕೆಯನ್ನೂ, ತಗಡಿನ ಸೆಕೆಯನ್ನೂ, ಕಂಪ್ರೆಸರ್‌ನ ಸದ್ದನ್ನೂ ರಾತ್ರಿಯೆಲ್ಲ ಆ ಎರಡು ಎತ್ತುಗಳ ಮುಖಕ್ಕೆ ಊದಿದ್ದೆವು. ಆ್ಯಪ್ ತೆಗೆದು ಕೊಟ್ಟಿಗೆಯ ಹತ್ತಿರ ಹಿಡಿದೆ, 52 ತೋರಿಸಿತು. ಒಳಗೆ 31 ಇತ್ತು. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ದಾಟಬಾರದು ಅಂತ 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಇದನ್ನು ನಾನೇ ಹತ್ತನೇ ತರಗತಿಯವರಿಗೆ ಬರೆಸಿದ್ದೆ. ಹಾಳೆ ತಿರುವಿ ತಿರುವಿ ಎಸಿ ಆರಿಸುವಾಗ ಇರುವೆ ಅಕ್ಷರದಲ್ಲಿದ್ದ ಆ ಹೊರಪೆಟ್ಟಿಗೆಯ ಅಂಕಿಯನ್ನು ನಾನು ಓದಿದ್ದೆ. ಅದು ಅತ್ತೆಯ ದಿಂಬಿನಿಂದ ದೂರ ಇದ್ದರೆ ಸಾಕು ಎಂದುಕೊಂಡು ಮುಂದೆ ಹೋಗಿದ್ದೆ.

ಆಗ ಕೂಡಲಸಂಗಮವೂ ನೆನಪಾಯಿತು. ಅಲ್ಲಿ ನಮ್ಮ ಗಾಡಿಯ ಹಿಂದಿನ ಕಟ್ಟೆಯ ಮೇಲೆ ಆರೇಳು ಮಂದಿ ಪಂಚೆ ಹೊದ್ದು ಮಲಗಿದ್ದರು. ನಡುರಾತ್ರಿ ನೋಡಿದಾಗ ಇಬ್ಬರು ಎದ್ದು ಆಚೆ ಕಡೆ ಹೋಗಿ ಮಲಗುತ್ತಿದ್ದರು. ಸೊಳ್ಳೆ ಇರಬೇಕು ಅಂದುಕೊಂಡಿದ್ದೆ.

ಆ ದಿನ ಸಂಜೆ ಉದ್ದನೆಯ ವೈರು ಹುಡುಕಿ ತಂದೆವು. ನಮ್ಮವರು ಗಾಡಿ ತಿರುಗಿಸಿದರು. ಕಾಕಾ ಹಿಂದೆ ನಿಂತು "ಬರ್ಲಿ, ಬರ್ಲಿ, ಇನ್ನೊಂದೀಟು ಬರ್ಲಿ" ಎಂದು ಕೈ ಆಡಿಸಿದರು. ಹಿಂಬದಿ ಈಗ ಜೋಳ ಕೊಯ್ದ ಬಯಲು ಹೊಲದ ಕಡೆಗಿತ್ತು. ಹತ್ತು ಗಂಟೆಗೆ ಎಸಿ ಹಚ್ಚಿ ನಾನು ಚಪ್ಪಲಿ ಹಾಕಿಕೊಂಡು ಹೊರಗೆ ಬಂದೆ. ಕೊಟ್ಟಿಗೆಯ ಹತ್ತಿರ ಕತ್ತಲಲ್ಲಿ ಕಾಕಾ ಆಗಲೇ ನಿಂತಿದ್ದರು, ಬೀಡಿಯ ಕೆಂಪು ಕಾಣುತ್ತಿತ್ತು. ಇಬ್ಬರೂ ಮಾತಾಡದೆ ಕಾದೆವು. ಸ್ವಲ್ಪ ಹೊತ್ತಿಗೆ ಕೊರಳ ಗಂಟೆ ಒಮ್ಮೆ ಅಲ್ಲಾಡಿತು. ದೊಡ್ಡ ಎತ್ತು ಮೊದಲು ಮುಂಗಾಲು ಮಡಚಿತು.

"ಮಲಗಿತು," ಅಂದರು ಕಾಕಾ. "ಹೋಗವಾ, ನೀನೂ ಮಲಗು."